ತಮಟೆಯ ಮುಷ್ಕರ

ಮಗ್ಗೆಯ ಕಡೆ ಮಳೆಗಾಲದಲ್ಲಿ ತಮಟೆ ಬಾರಿಸುವುದು ಸುಲಭವಲ್ಲ. ತೇವಕ್ಕೆ ಚರ್ಮ ಸಡಿಲಗೊಂಡು ನಾದ ಸತ್ತುಹೋಗುತ್ತದೆ. ಹುಲ್ಲು, ತರಗು ಕೂಡಿಸಿ ಬೆಂಕಿ ಮಾಡಿ, ಅದರ ಮುಂದೆ ತಿರುಗಿಸುತ್ತ ಕಾಯಿಸಿ, ಬಿಗಿ ಬಂದ ಮೇಲೆಯೇ ಅದು ಮಾತನಾಡುವುದು. ಆಲೂರು-ಸಕಲೇಶಪುರದ ಗುಡ್ಡಗಳಲ್ಲಿ ಸುಗ್ಗಿಯ ಕುಣಿತಕ್ಕೂ ಈ ವಾದ್ಯ ಬೇಕು, ದೇವರ ಉತ್ಸವಕ್ಕೂ ಬೇಕು, ಹೆಣ ಎತ್ತುವುದಕ್ಕೂ ಬೇಕು. ಬಾರಿಸಿದವನ ಕೈ ಎಷ್ಟು ನೊಂದಿತೆಂದು ಮೆರವಣಿಗೆಯಲ್ಲಿ ಕುಣಿದವರು ಕೇಳಿದ್ದುಂಟೆ? ಅವನು ಗುಡಿಯ ಹೊರಗೇ ನಿಂತು ಬಾರಿಸುತ್ತಿದ್ದನೆಂಬುದು ಎಲ್ಲರ ಕಣ್ಣಿಗೂ ಬೀಳುತ್ತಿತ್ತು. ಗಮನಕ್ಕೆ ಮಾತ್ರ ಬರುತ್ತಿರಲಿಲ್ಲ.

ಇಂಗ್ಲೆಂಡಿನಲ್ಲಿ 1976-77ರ ಸುಮಾರಿಗೆ ‘ಪಂಕ್’ ಎಂಬ ಒರಟು ಸಂಗೀತವೊಂದು ಗದ್ದಲವೆಬ್ಬಿಸಿತು. ಪಂಕ್ ಎಂದರೆ ಕೆಲಸಕ್ಕೆ ಬಾರದ ಪೋಲಿ ಎಂಬ ಬೈಗುಳ. ಹುಡುಗರು ಆ ಬೈಗುಳವನ್ನೇ ಬಿರುದಿನಂತೆ ತೊಟ್ಟುಕೊಂಡರು. ಅವರಿಗೆ ಗುರುಕುಲವಿಲ್ಲ, ಸಾಧಕವಿಲ್ಲ. ಬಜ್‌ಕಾಕ್ಸ್ ಎಂಬ ತಂಡ 1977ರ ಜನವರಿಯಲ್ಲಿ 500 ಪೌಂಡು ಕೈಗಡ ತಂದು, ಯಾವ ದೊಡ್ಡ ಕಂಪನಿಯ ಹಂಗೂ ಇಲ್ಲದೆ, ತನ್ನ ರೆಕಾರ್ಡನ್ನು ತಾನೇ ಹೊರಡಿಸಿತು. ಕ್ರಾಸ್ ಎಂಬ ಮತ್ತೊಂದು ತಂಡ 1984ರ ಜುಲೈನಲ್ಲಿ ವೇಲ್ಸ್ ಸೀಮೆಯ ಅಬರ್‌ಡೇರ್‌ನಲ್ಲಿ ಮುಷ್ಕರ ಹೂಡಿದ್ದ ಗಣಿ ಕಾರ್ಮಿಕರ ಸಹಾಯಾರ್ಥ ಹಾಡಿತು. ಅದೇ ಅದರ ಕೊನೆಯ ಕಚೇರಿಯಾಯಿತು. ಸಂಗೀತಗಾರರು ಮುಷ್ಕರಕ್ಕೆ ನೆರವಾದ ಕಥೆ ಇದು. ಹೆಚ್ಚುಕಡಮೆ ಅದೇ ಕಾಲದಲ್ಲಿ ನಮ್ಮ ನಾಡಿನಲ್ಲಿ ನಡೆದದ್ದು ಇದಕ್ಕಿಂತ ಗಟ್ಟಿಯಾದದ್ದು ಎಂದು ನನ್ನ ಎಣಿಕೆ. ಇಲ್ಲಿ ವಾದ್ಯಗಾರನೇ ಮುಷ್ಕರ ಹೂಡಿದ.

ಅದು ಅರ್ಥವಾಗಬೇಕಾದರೆ ಈ ಗುಡ್ಡಗಳ ಹಳೆಯ ಲೆಕ್ಕವನ್ನು ಸ್ವಲ್ಪ ತಿರುವಿ ನೋಡಬೇಕು. ಮಲೆನಾಡಿನ ಜೀತಗಾರರಲ್ಲಿ ಎರಡು ಬಗೆಯಿದ್ದುದನ್ನು ಬಿ. ಎಲ್. ರೈಸರು ತಮ್ಮ ಮೈಸೂರು ಗೆಜೆಟಿಯರಿನಲ್ಲಿ ಬರೆದಿಟ್ಟಿದ್ದಾರೆ. ಒಡೆಯನ ಮನೆಯಲ್ಲೇ ಹುಟ್ಟಿದವನು ಹುಟ್ಟಾಳು. ನೆಲದೊಂದಿಗೆ ಸೇರಿಹೋದವನು ಮಣ್ಣಾಳು. ಇಬ್ಬರೂ ಹೊಲಗೇರಿಯವರೇ. ಸಕಲೇಶಪುರ ಸೀಮೆಗೆ ಆಗ ಮಂಜರಾಬಾದ್ ಎಂದು ಹೆಸರು. ಹತ್ತೊಂಬತ್ತನೆಯ ಶತಮಾನದ ನಡುವಿನಲ್ಲಿ ಅಲ್ಲಿಗೆ ಕಾಫಿಯ ದೊರೆಗಳು ಬಂದರು. ದೊರೆ ಧರ್ಮಾತ್ಮನೆಂದು ಯಾರೂ ತಿಳಿಯಬೇಕಾಗಿಲ್ಲ. ಆದರೆ ಅವನ ತೋಟದಲ್ಲಿ ದುಡಿದವನ ಕೈಗೆ ಕಾಸು ಬಿತ್ತು. ಭತ್ತದ ಕಣದಲ್ಲಿ ಒಡೆಯ ಅಳೆದು ಹಾಕಿದಷ್ಟನ್ನೇ ಸೆರಗೊಡ್ಡಿ ಪಡೆಯುತ್ತಿದ್ದವನಿಗೆ, ದುಡಿಮೆಗೊಂದು ದರವಿದೆ ಎಂದು ತಿಳಿದದ್ದು ಆಗ.

ತಮಟೆಗೆ ಮಾತ್ರ ದರವಿರಲಿಲ್ಲ. ಹಗಲು ತೋಟದಲ್ಲಿ ಕೂಲಿ ಎಣಿಸಿಕೊಂಡವನು ಸಂಜೆ ಊರ ಹಬ್ಬಕ್ಕೆ ಬಿಟ್ಟಿಯಾಗಿಯೇ ಬಾರಿಸಬೇಕು. ಕೊಟ್ಟರೆ ಒಂದಿಷ್ಟು ಧಾನ್ಯ, ದೂರದಿಂದ ಹಾಕಿದ ಊಟ. ಕಾನೂನು ಒಂದೊಂದಾಗಿ ಬಂತು. 1951ರ ಪ್ಲಾಂಟೇಷನ್ ಕಾರ್ಮಿಕರ ಕಾಯ್ದೆಯಲ್ಲಿ ಮನೆ, ಆಸ್ಪತ್ರೆ, ಕೂಸಿನ ಮನೆಗಳಿಂದ ಹಿಡಿದು ಕೊಡೆ, ಕಂಬಳಿಗಳವರೆಗೆ ಉಲ್ಲೇಖವಿತ್ತು. ಆಳುಗಳ ಮನರಂಜನೆಗೆಂದೂ ಒಂದು ಕಲಮು ಇತ್ತು! ಮನರಂಜನೆಯು ಮಾಲೀಕ ಆಳಿಗೆ ಒದಗಿಸುವ ಸೌಕರ್ಯವೆಂದು ಅದರ ಭಾವನೆ. ಆಳು ಊರಿಗೆ ಪುಕ್ಕಟೆ ಒದಗಿಸುವ ಮನರಂಜನೆಯ ಸಂಗತಿ ಅದನ್ನು ಬರೆದವರಿಗೆ ಹೊಳೆಯಲಿಲ್ಲ. ತೋಟಿ, ತಳವಾರಿಕೆಯಂಥ ವಂಶಪಾರಂಪರ್ಯದ ಗ್ರಾಮ ಹುದ್ದೆಗಳನ್ನು ರದ್ದು ಮಾಡುವ 1961ರ ಕಾಯ್ದೆ 1963ರಲ್ಲಿ ಜಾರಿಗೆ ಬಂತು. ಹುದ್ದೆ ಹೋಯಿತು, ವಾಡಿಕೆ ಉಳಿಯಿತು.

ಹುಟ್ಟಿನಿಂದ ಬಂದ ಚಾಕರಿಯೂ ಕಾರ್ಮಿಕ ಪ್ರಶ್ನೆಯೇ ಎಂದು ಮೊದಲು ಹಿಡಿದು ಹೇಳಿದವರು ಅಂಬೇಡ್ಕರರು. ಮಹಾರರ ವತನದ ಚಾಕರಿಯ ವಿಚಾರವಾಗಿ ಅವರು ಮುಂಬಯಿ ಶಾಸನಸಭೆಯಲ್ಲಿ ಮಸೂದೆ ತಂದದ್ದು 1928ರಲ್ಲಿ. ಹತ್ತು ವರ್ಷಗಳ ತರುವಾಯ ಮನ್ಮಾಡಿನಲ್ಲಿ ರೈಲ್ವೆಯ ದಲಿತ ಕಾರ್ಮಿಕರಿಗೆ, ನಿಮಗೆ ಶತ್ರುಗಳು ಇಬ್ಬರು, ಬಂಡವಾಳಶಾಹಿಯೊಂದು, ಬ್ರಾಹ್ಮಣಶಾಹಿಯೊಂದು ಎಂದು ತಿಳಿಹೇಳಿದರು. ನಮ್ಮ ಕಾರ್ಮಿಕ ಸಂಘಗಳಲ್ಲಿ ಬಹುಪಾಲು ಮೊದಲನೆಯದನ್ನು ಕೇಳಿಸಿಕೊಂಡವು. ಎರಡನೆಯದಕ್ಕೆ ಕಿವಿ ಮಂದವಾಯಿತು.

ಕನ್ನಡನಾಡಿನಲ್ಲಿ ಕಿಡಿ ಹತ್ತಿದ್ದು 1973ರ ನವೆಂಬರಿನಲ್ಲಿ. ಕನ್ನಡ ಸಾಹಿತ್ಯದಲ್ಲಿ ಹೆಚ್ಚಿನದು ಬೂಸಾ ಎಂದು ಸಚಿವ ಬಿ. ಬಸವಲಿಂಗಪ್ಪನವರು ಮೈಸೂರಿನಲ್ಲಿ ನುಡಿದರು. ಗಲಭೆಯೆದ್ದಿತು, ಮಂತ್ರಿಪದವಿ ಹೋಯಿತು. ಅದರ ಬೆನ್ನಿಗೆ ಬೆಳೆದದ್ದೇ ದಲಿತ ಸಂಘರ್ಷ ಸಮಿತಿ. ಅದರ ಮುಂದಾಳು ಬಿ. ಕೃಷ್ಣಪ್ಪನವರು ಕನ್ನಡದ ಮೇಷ್ಟರು. ಅವರಿದ್ದದ್ದು ಭದ್ರಾವತಿಯಲ್ಲಿ, ಕಬ್ಬಿಣ ಮತ್ತು ಕಾಗದದ ಕಾರ್ಖಾನೆಗಳ ಊರಿನಲ್ಲಿ. 1975ರಲ್ಲಿ ಸಿದ್ಧಲಿಂಗಯ್ಯನವರ ‘ಹೊಲೆಮಾದಿಗರ ಹಾಡು’ ಹೊರಬಂತು. ಪಂಕ್ ಹುಡುಗರಿಗಿಂತ ಒಂದು ವರ್ಷ ಮೊದಲೇ, ಊರು ಬೈಗುಳ ಮಾಡಿಕೊಂಡಿದ್ದ ಹೆಸರು ನಮ್ಮಲ್ಲಿ ಪುಸ್ತಕದ ಹೊದಿಕೆಯ ಮೇಲೆ ತಲೆಯೆತ್ತಿ ನಿಂತಿತು. ಆ ಹಾಡುಗಳನ್ನು ಹಾಡಲು ಹಾರ್ಮೋನಿಯಂ ಬೇಡ, ಶ್ರುತಿಪೆಟ್ಟಿಗೆ ಬೇಡ. ಎರಡು ಗಂಟಲು, ಒಂದು ತಮಟೆ ಸಾಕು. ಅವನ್ನು ಜನಾರ್ಧನ (ಜನ್ನಿ), ಪಿಚ್ಚಳ್ಳಿ ಶ್ರೀನಿವಾಸರಂಥವರ ದನಿಯಲ್ಲಿ ಕೇಳಿದ ಮೇಲೆ, ಇವು ಕವಿತೆಯೋ ಘೋಷಣೆಯೋ ಎಂಬ ನಮ್ಮ ವಿಮರ್ಶಕರ ಚರ್ಚೆ ನನಗಂತೂ ಒಣ ಪಾಂಡಿತ್ಯವೆನಿಸಿತು.

ಆದರೆ ನಾನು ಹೇಳಹೊರಟದ್ದು ಹಾಡನ್ನಲ್ಲ, ಮೌನವನ್ನು. ಸಮಿತಿಯ ಮಾತು ಕೇರಿಗಳಿಗೆ ಮುಟ್ಟಿದಂತೆ ಅನೇಕ ಊರುಗಳಲ್ಲಿ ದಲಿತರು ತಮಟೆಯನ್ನು ಕೆಳಗಿಟ್ಟರು. ನಾವು ಬಾರಿಸುವುದಿಲ್ಲ, ಸತ್ತ ದನ ಎಳೆಯುವುದಿಲ್ಲ ಎಂದರು. ಬೆಂಗಳೂರಿನಲ್ಲಿ 1980ರ ಡಿಸೆಂಬರಿನಿಂದ 1981ರ ಮಾರ್ಚಿಯವರೆಗೆ ಐದು ಸರ್ಕಾರಿ ಉದ್ಯಮಗಳ ಲಕ್ಷಕ್ಕೂ ಹೆಚ್ಚು ಕಾರ್ಮಿಕರು 77 ದಿನ ಮುಷ್ಕರ ಹೂಡಿದ್ದನ್ನು ಓದುಗರಲ್ಲಿ ಹಿರಿಯರು ಬಲ್ಲರು. ಬೇಡಿದ ಸಂಬಳ ಸಿಕ್ಕಲಿಲ್ಲವಾದರೂ ಅವರಿಗೆ ಸಂಘಗಳಿದ್ದವು, ನಾಯಕರಿದ್ದರು. ಕೇರಿಯ ಹತ್ತು ಮನೆಯವರಿಗೆ ಏನಿತ್ತು? ಅವರು ತಮಟೆ ಇಳಿಸಿದರೆ ಊರು ಬಹಿಷ್ಕಾರ ಹಾಕುತ್ತಿತ್ತು. ಕೂಲಿಗೆ ಕರೆಯುವುದಿಲ್ಲ, ಅಂಗಡಿಯಲ್ಲಿ ಉಪ್ಪು ಕೊಡುವುದಿಲ್ಲ. ಕಾರ್ಖಾನೆಯ ಭಾಷೆಯಲ್ಲಿ ಇದಕ್ಕೆ ಲಾಕೌಟ್ ಎಂದು ಹೆಸರು. ಕಾರ್ಮಿಕ ಇಲಾಖೆಯ ಲೆಕ್ಕಕ್ಕೆ ಇಂಥ ಲಾಕೌಟು ಬರುವುದಿಲ್ಲ. ಕನ್ನಡ ಸಂಗೀತದ ಚರಿತ್ರೆಗಳಲ್ಲಿ ಈ ಮುಷ್ಕರಕ್ಕೂ ಜಾಗ ಸಿಕ್ಕಿಲ್ಲ.

ಕೇರಿಯೊಳಗೂ ಒಮ್ಮತವಿರಲಿಲ್ಲ. ಅವಮಾನದ ಗುರುತನ್ನು ಸುಟ್ಟುಬಿಡಬೇಕೆಂದು ಓದಿದ ಹುಡುಗರು. ತಾತನ ಕೈಯ ವಿದ್ಯೆಯನ್ನು ಯಾಕೆ ಸುಡಬೇಕೆಂದು ಹಿರಿಯರು. ಚಳವಳಿಯ ಮೆರವಣಿಗೆಗಳಲ್ಲಿ ಅದೇ ತಮಟೆ ಮೊಳಗುತ್ತಿದ್ದುದರಿಂದ ವಾದ ಇನ್ನಷ್ಟು ತೊಡಕಾಯಿತು. ನನ್ನ ಮಟ್ಟಿಗೆ ಇಬ್ಬರ ಮಾತೂ ಸರಿ. ಒಲ್ಲೆನೆನ್ನುವ ಹಕ್ಕು ಮೊದಲು ಕೈಗೆ ಬಂದಿರದಿದ್ದರೆ, ಮೆರವಣಿಗೆಯ ಬಡಿತವೂ ಬಿಟ್ಟಿಯ ಬಡಿತವೇ ಆಗಿರುತ್ತಿತ್ತು.

2023ರಲ್ಲಿ ಚಿಕ್ಕಬಳ್ಳಾಪುರದ ಕಡೆಯ ಪಿಂಡಿಪಾಪನಹಳ್ಳಿ ಮುನಿವೆಂಕಟಪ್ಪನವರಿಗೆ ತಮಟೆ ವಾದನಕ್ಕಾಗಿ ಪದ್ಮಶ್ರೀ ಸಂದಿತು. ಈಗ ಹೆಂಗಸರ ತಂಡಗಳೂ ಇವೆ. ಉತ್ಸವಕ್ಕೆ ತಂಡ ಬೇಕೆಂದು ಹೋದವರೊಡನೆ ಮೊದಲು ನಡೆಯುವುದು ಮಾತುಕತೆ: ಎಷ್ಟು ಜನ, ಎಷ್ಟು ಹೊತ್ತು, ಬಸ್ಸಿನ ಖರ್ಚು ಯಾರದು, ಊಟ ಎಲ್ಲಿ. ಮುಂಗಡ ಎಣಿಸಿಕೊಂಡ ಮೇಲೆ ತರಗಿಗೆ ಬೆಂಕಿ ಹಚ್ಚುತ್ತಾರೆ.