ಮಾರ್ಗರೆಟ್ ಕವಿತೆಯ ತಾರೀಕು

ಸತ್ವವಿಲ್ಲದ, ಬರೀ ಮುದ್ದುಗರೆಯುವ ಬರಹವನ್ನು ಇಂಗ್ಲಿಷಿನವರು ‘ನ್ಯಾಂಬಿ-ಪ್ಯಾಂಬಿ’ ಎಂದು ಹಳಿಯುತ್ತಾರೆ. ಕವಿ ಆಂಬ್ರೋಸ್ ಫಿಲಿಪ್ಸ್ (1674–1749) ಹೆಸರಿನಿಂದ ಹುಟ್ಟಿದ ಪದ ಇದು, ಅದರಲ್ಲಿ ತಕರಾರಿಲ್ಲ. ಆಂಬ್ರೋಸ್ ‘ಆಂಬಿ’ಯಾಗಿ, ಮುಂದೆ ನಕಾರ ಅಂಟಿಸಿಕೊಂಡ. ನಮ್ಮ ‘ಊಟ-ಗೀಟ’ದಲ್ಲಿ ಗಕಾರ ಮಾಡುವ ಕೆಲಸವನ್ನು ಅಲ್ಲಿ ಪಕಾರ ಮಾಡಿತು. ಹೆಸರಿಟ್ಟವರು ಯಾರು, ಯಾವಾಗ, ಯಾಕೆ? ತಕರಾರೆಲ್ಲ ಅಲ್ಲಿ.

ಮೊದಲ ಅನುಮಾನ ಅಲೆಕ್ಸಾಂಡರ್ ಪೋಪ್ ಮೇಲೆ. 1709ರ ಒಂದೇ ಸಂಕಲನ ಫಿಲಿಪ್ಸನ ಗೋಪಗೀತೆಗಳಿಂದ ತೊಡಗಿ ಪೋಪನವುಗಳಿಂದ ಮುಗಿದಿತ್ತು. ಫಿಲಿಪ್ಸನಿಗೆ ಸಿಕ್ಕ ಹೊಗಳಿಕೆ ಸಹಿಸದ ಪೋಪ್, 1713ರಲ್ಲಿ ‘ಗಾರ್ಡಿಯನ್’ ಪತ್ರಿಕೆಯಲ್ಲಿ ಅವನನ್ನು ಹೊಗಳಿದಂತೆ ಮಾಡಿ ಕುಟುಕಿದ. ಹಗೆ ಇತ್ತು, ನಿಜ, ಹಗೆಯೇ ಪುರಾವೆಯಲ್ಲ. ಈ ಅಡ್ಡಹೆಸರು ಬಳಸಿದ ಪೋಪನ ‘ಡನ್ಸಿಯಡ್’ ಕಾವ್ಯ ಬಂದದ್ದು 1728ರಲ್ಲಿ. ಅಷ್ಟರಲ್ಲಿ ಕವಿ ಹೆನ್ರಿ ಕೇರಿ ‘ನ್ಯಾಂಬಿ ಪ್ಯಾಂಬಿ’ ಎಂಬ ಅಣಕ ಕವಿತೆ ಬರೆದಾಗಿತ್ತು.

ಅದರ ವರ್ಷ 1725 ಎಂದು ಕೆಲವರು, 1726 ಎಂದು ಕೆಲವರು. ಕೇರಳದ ಗಡಿಗೆ ತಾಗಿದ ಮಂಡೆಕೋಲಿನಲ್ಲಿ ಕೂತವರಿಗೂ ಆ ಕವಿತೆ ಸೇರಿರುವ 1726ರ ಪುಸ್ತಿಕೆಯ ಮುಖಪುಟ ಈಗ ಮೊಬೈಲಿನಲ್ಲೇ ಸಿಗುತ್ತದೆ. ಪುಸ್ತಿಕೆ ಇರುವುದು ಕಡುಬಿನಂಥ ತಿಂಡಿಯ ಮೇಲಿನ ಹುಸಿಪಾಂಡಿತ್ಯದ ಪ್ರಬಂಧ! ‘ಇದಕ್ಕೆ ಸೇರಿಸಿದೆ’ ಎಂದು ಕೆಳಗೆ ನ್ಯಾಂಬಿ ಪ್ಯಾಂಬಿ, ‘ಎ— ಪಿ—’ ಅವರಿಗೆ. ಸೇರಿಸಿದೆ ಎಂದ ಮಾತ್ರಕ್ಕೆ ಮೊದಲೇ ಬಿಡಿಯಾಗಿ ಅಚ್ಚಾಗಿತ್ತೆಂದು ಸಾಬೀತಾಗದು. ಆದರೆ ಪದದ ಹುಟ್ಟನ್ನು 1726ರ ಈಚೆಗೆ ಎಳೆಯಲಂತೂ ಆಗದು.

ಈ ಮಿತಿ ಕೈಯಲ್ಲಿದ್ದರೆ ‘ಯಾಕೆ’ ಎಂಬ ಪ್ರಶ್ನೆಗೆ ಬೇರೆಯೇ ಬಣ್ಣ. ಸ್ಯಾಮ್ಯುಯೆಲ್ ಜಾನ್ಸನ್ ತನ್ನ ಕವಿಚರಿತ್ರೆಯಲ್ಲಿ (1779–81), ಪ್ರಧಾನಿ ವಾಲ್ಪೋಲನಿಂದ ಹಿಡಿದು ಶಿಶುಕೋಣೆಯ ಪುಲ್ಟ್ನಿ ಮಗುವಿನವರೆಗೆ ಎಲ್ಲರನ್ನೂ ಓಲೈಸಿದ ಗಿಡ್ಡಸಾಲಿನ ಕವಿತೆಗಳೇ ಈ ಅಡ್ಡಹೆಸರು ತಂದವು ಎನ್ನುತ್ತಾನೆ. ಶಿಶುಕೋಣೆಯ ಮಾರ್ಗರೆಟ್ ಪುಲ್ಟ್ನಿಯ ಕವಿತೆಯ ತಲೆಯ ಮೇಲಿನ ತಾರೀಕು ನೋಡಿ: 27 ಏಪ್ರಿಲ್ 1727. ಅಡ್ಡಹೆಸರು ಆಗಲೇ ಅಚ್ಚಾಗಿತ್ತು! ತಾಯ ತೋಳಿನ ಷಾರ್ಲೆಟ್ ಪುಲ್ಟ್ನಿಗೆ ಬರೆದದ್ದು 1 ಮೇ 1724. ಕಾಲಕ್ಕೆ ಹೊಂದುವುದು ಅದು. ಜಾನ್ಸನ್ನನ ಕಾರಣ ಸರಿಯಿರಬಹುದು, ಕೊಟ್ಟ ಉದಾಹರಣೆ ನಿಲ್ಲುವುದಿಲ್ಲ. ಅವನು ಬರೆದದ್ದೂ ಅರ್ಧ ಶತಮಾನ ಕಳೆದ ಮೇಲೆ.

ಕುಂಬಳೆಯ ಪಾರ್ತಿಸುಬ್ಬನ ಯಕ್ಷಗಾನ ಪ್ರಸಂಗಗಳ ಕರ್ತೃತ್ವದ ಜಗಳ ಬಲ್ಲ ನಮ್ಮ ಕಡೆಯವರು ಇಲ್ಲೊಂದು ಪ್ರಶ್ನೆ ಎತ್ತದೆ ಬಿಡರು: ತಲೆಯ ಮೇಲಿನ ತಾರೀಕು ಬರೆದ ದಿನದ್ದೋ, ಆಮೇಲೆ ಹಾಕಿದ್ದೋ? ಕವಿ ಹಾಕಿದ್ದು ಎಂದು ಸದ್ಯಕ್ಕೆ ನಂಬಿದ್ದೇನೆ. ಮಾರ್ಗರೆಟ್ ಕವಿತೆಯ 1726ಕ್ಕಿಂತ ಹಳೆಯ ಕೈಬರಹದ ಪ್ರತಿ ಎಲ್ಲಾದರೂ ಸಿಕ್ಕಿದರೆ ಜಾನ್ಸನ್ ಗೆದ್ದ.