ಬೆನ್ನಿನ ತಾಳಿಕೆ ಪರೀಕ್ಷೆಗಳ ವಿಶ್ವಾಸಾರ್ಹತೆ: ಗೋವಿನಕೋವಿಯ ನಾಟಿ ಗದ್ದೆಯಿಂದ ಒಂದು ವಿಮರ್ಶೆ

ಬೆನ್ನಿನ ಸ್ನಾಯುಗಳು ಎಷ್ಟು ಹೊತ್ತು ತಾಳುತ್ತವೆ ಎಂದು ಅಳೆಯಲು ಜಗತ್ತು ಹೆಚ್ಚಾಗಿ ನೆಚ್ಚಿರುವುದು ಡೆನ್ಮಾರ್ಕಿನ ಬೀರಿಂಗ್-ಸೋರೆನ್ಸನ್ 1984ರಲ್ಲಿ ಪ್ರಕಟಿಸಿದ ಪರೀಕ್ಷೆಯನ್ನು. ವ್ಯಕ್ತಿ ಮೇಜಿನ ಮೇಲೆ ಬೋರಲಾಗಿ ಮಲಗಬೇಕು. ಸೊಂಟದಿಂದ ಮೇಲಿನ ಭಾಗ ಮೇಜಿನ ಅಂಚಿನಾಚೆ ಆಧಾರವಿಲ್ಲದೆ ಇರಬೇಕು, ಕೆಳಭಾಗವನ್ನು ಪಟ್ಟಿಗಳಿಂದ ಬಿಗಿಯಬೇಕು. ಮುಂಡವನ್ನು ನೆಲಕ್ಕೆ ಸಮಾನಾಂತರವಾಗಿ ಎಷ್ಟು ಸೆಕೆಂಡು ಹಿಡಿದರು ಎಂಬುದೇ ಅಂಕ. ಮೇಲ್ಮಿತಿ 240 ಸೆಕೆಂಡು. ಕೋಪನ್‌ಹೇಗನ್ ಬಳಿಯ ಗ್ಲೋಸ್ಟ್ರಪ್‌ನ ನಿವಾಸಿಗಳ ಮೇಲೆ ನಡೆದ ಆ ಅಧ್ಯಯನದಲ್ಲಿ, ತಾಳಿಕೆ ಚೆನ್ನಾಗಿದ್ದ ಗಂಡಸರಿಗೆ ಮುಂದಿನ ವರ್ಷದಲ್ಲಿ ಮೊದಲ ಬಾರಿಗೆ ಸೊಂಟನೋವು ಬರುವ ಸಂಭವ ಕಡಿಮೆಯಿತ್ತು. ಆ ಫಲಿತಾಂಶ ಗಂಡಸರದು ಎಂಬ ಮಾತನ್ನು ಉಲ್ಲೇಖಿಸುವವರು ಹಲವೊಮ್ಮೆ ಬಿಟ್ಟುಬಿಡುತ್ತಾರೆ.

ತುಂಗಭದ್ರೆಯ ದಂಡೆಯ ಗೋವಿನಕೋವಿ ಭತ್ತ, ಅಡಿಕೆ, ಮೆಕ್ಕೆಜೋಳದ ಸೀಮೆಯ ಊರು. ಇಲ್ಲಿ ಬೆನ್ನಿನ ಭಾರ ಹೆಚ್ಚಾಗಿ ಬೀಳುವುದು ಹೆಣ್ಣುಮಕ್ಕಳ ಮೇಲೆ. ನಾಟಿಯ ದಿನಗಳಲ್ಲಿ ಅವರು ಮಂಡಿಯನ್ನು ಹೆಚ್ಚು ಮಡಿಸದೆ, ಸೊಂಟದಿಂದ ಬಗ್ಗಿ, ಎಡಗೈಯಲ್ಲಿ ಸಸಿಯ ಕಂತೆ ಹಿಡಿದು, ಬಲಗೈಯಿಂದ ಊರುತ್ತ ಕೆಸರಿನಲ್ಲಿ ಹಿಂದಕ್ಕೆ ಸರಿಯುತ್ತಾರೆ. ಸಂಜೆಗೆ 'ಸೊಂಟ ಹಿಡಕೊಂಡೈತಿ' ಎನ್ನುವುದು ದೂರೂ ಅಲ್ಲ, ದಿನಚರಿ. ಇಂಥವರ ಬೆನ್ನನ್ನು ಅಳೆಯಲು ಹೊರಟರೆ ಪ್ರಯೋಗಾಲಯದ ವಿಶ್ವಾಸಾರ್ಹತೆಯ ಅಂಕಿ ನೆರವಾಗುತ್ತದೆಯೇ? ಅದನ್ನು ಹಾಗೆಯೇ ಎರವಲು ತರಲಾಗದು ಎಂಬುದು ಈ ಲೇಖನದ ವಾದ.

ಬೀರಿಂಗ್-ಸೋರೆನ್ಸನ್ ಪರೀಕ್ಷೆಯ ಅಂಕಿಗಳು ಆಕರ್ಷಕವಾಗಿಯೇ ಇವೆ. ಕೆನಡಾದ ವಾಟರ್‌ಲೂನಲ್ಲಿ ಮೆಕ್‌ಗಿಲ್ ತಂಡ 1999ರಲ್ಲಿ ಆರೋಗ್ಯವಂತ ಯುವಜನರಲ್ಲಿ 0.97 ಅಥವಾ ಅದಕ್ಕೂ ಹೆಚ್ಚಿನ ವಿಶ್ವಾಸಾರ್ಹತಾ ಗುಣಾಂಕ (ಮತ್ತೆ ಅಳೆದಾಗ ಅಂಕಗಳು ಎಷ್ಟು ಹೊಂದುತ್ತವೆ ಎಂಬುದರ ಅಳತೆ) ಕಂಡಿತು. ಅದೇ ವರ್ಷ ಸಿಡ್ನಿಯ ಲ್ಯಾಟಿಮರ್ ತಂಡಕ್ಕೆ ಸಿಕ್ಕಿದ್ದು ನೋವಿದ್ದವರಲ್ಲಿ 0.88, ಹಿಂದೆ ನೋವಿದ್ದವರಲ್ಲಿ 0.77, ನೋವಿಲ್ಲದವರಲ್ಲಿ 0.83. ಒಂದೇ ಪರೀಕ್ಷೆ, ಬೇರೆ ಬೇರೆ ಜನ, ಬೇರೆ ಬೇರೆ ಅಂಕಿ. ಏಕೆಂದರೆ ಈ ಗುಣಾಂಕ ಪರೀಕ್ಷೆಯೊಂದರದೇ ಗುಣವಲ್ಲ. ಪರೀಕ್ಷೆಗೆ ಒಳಗಾದವರು ಒಬ್ಬರಿಂದೊಬ್ಬರು ಎಷ್ಟು ಭಿನ್ನರು ಎಂಬುದೂ ಅದರಲ್ಲಿ ಅಡಗಿದೆ.

ಲೆಕ್ಕ ಮಾಡಿಯೇ ನೋಡಬಹುದು. ಮೆಕ್‌ಗಿಲ್ ಅಧ್ಯಯನದ ಗಂಡಸರ ಸರಾಸರಿ 146 ಸೆಕೆಂಡು, ಪ್ರಮಾಣಿತ ವಿಚಲನೆ 51. ಗುಣಾಂಕ 0.97 ಎಂದು ಹಿಡಿದರೆ ಮಾಪನದ ಪ್ರಮಾಣಿತ ದೋಷ ಸುಮಾರು 9 ಸೆಕೆಂಡು. ಒಬ್ಬ ವ್ಯಕ್ತಿಯಲ್ಲಿ ನಿಜವಾಗಿ ಬದಲಾವಣೆ ಆಗಿದೆ ಎನ್ನಲು ಹತ್ತಿರ ಹತ್ತಿರ 25 ಸೆಕೆಂಡಿನ ವ್ಯತ್ಯಾಸ ಬೇಕು. ಈಗ ಒಂದೇ ವಯಸ್ಸಿನ, ಒಂದೇ ಕೆಲಸದ ನಾಟಿಯಾಳುಗಳ ಗುಂಪಿನಲ್ಲಿ ವಿಚಲನೆ 25 ಎಂದು ಊಹಿಸಿಕೊಳ್ಳಿ. ದೋಷ ಅದೇ 9 ಸೆಕೆಂಡು ಉಳಿದರೂ ಗುಣಾಂಕ 0.87ಕ್ಕೆ ಇಳಿಯುತ್ತದೆ. ಪರೀಕ್ಷೆ ಕೆಟ್ಟಿಲ್ಲ, ಜನ ಒಬ್ಬರಿಗೊಬ್ಬರು ಹತ್ತಿರವಾಗಿದ್ದಾರೆ ಅಷ್ಟೆ. ಗುಣಾಂಕವೊಂದನ್ನೇ ಮುದ್ರಿಸಿ ಸೆಕೆಂಡುಗಳ ದೋಷವನ್ನು ಹೇಳದ ಪ್ರಬಂಧಗಳು ನಮ್ಮಲ್ಲಿ ಇನ್ನೂ ಬರುತ್ತಿರುವುದು ಬೇಸರದ ಸಂಗತಿ.

ಋತುವಿನ ಪ್ರಶ್ನೆ ಇನ್ನೂ ಜಟಿಲ. ಮರುಪರೀಕ್ಷೆಗೆ ಒಂದು ವಾರ ಬಿಡುವುದು ವಾಡಿಕೆ. ಮೊದಲ ಪರೀಕ್ಷೆ ನಾಟಿಗೆ ಮುಂಚೆ, ಎರಡನೆಯದು ನಾಟಿಯ ನಡುವೆ ಬಿದ್ದರೆ ದಣಿವು ದೋಷದ ವೇಷ ಹಾಕಿ ಲೆಕ್ಕದೊಳಗೆ ಸೇರಿಕೊಳ್ಳುತ್ತದೆ. ಸೂಚನೆಯ ಮಾತೂ ಅಷ್ಟೇ ಮುಖ್ಯ: 'ಆದಷ್ಟು ಹೊತ್ತು ತಡ್ಕಳ್ರಿ' ಎಂದರೆ ಬರುವ ಅಂಕವೇ 'ಸಾಕನಿಸಿದ್ರೆ ಇಳಿಸ್ರಿ' ಎಂದಾಗಲೂ ಬರುತ್ತದೆಂದು ನಂಬಲಾಗದು.

ಇನ್ನು ಮೇಜು ಮತ್ತು ಪಟ್ಟಿ. ಸೀರೆಯುಟ್ಟ ಹೆಂಗಸನ್ನು ಎತ್ತರದ ಮೇಜಿನ ಮೇಲೆ ಬೋರಲು ಮಲಗಿಸಿ, ಅಪರಿಚಿತ ಗಂಡಸು ಸೊಂಟಕ್ಕೂ ಕಾಲಿಗೂ ಪಟ್ಟಿ ಬಿಗಿದರೆ ಆಕೆ ಬೇಗ ಇಳಿಯುವುದು ಸಂಕೋಚದಿಂದಲೋ ಸ್ನಾಯುವಿನ ದಣಿವಿನಿಂದಲೋ ಹೇಳುವುದು ಹೇಗೆ? ಇಂಥ ಕಡೆ ಜಪಾನಿನ ಇಟೊ ತಂಡ 1996ರಲ್ಲಿ ಪ್ರಕಟಿಸಿದ ಪರೀಕ್ಷೆ ಹೆಚ್ಚು ಒಗ್ಗುತ್ತದೆ. ನೆಲದ ಮೇಲೆ ಬೋರಲು ಮಲಗಿ, ಕೆಳಹೊಟ್ಟೆಯಡಿ ದಿಂಬಿಟ್ಟು, ಎದೆಯನ್ನು ನೆಲದಿಂದ ತುಸು ಮೇಲೆತ್ತಿ ಹಿಡಿದರೆ ಸಾಕು. ಪಟ್ಟಿ ಬೇಡ, ಮೇಜೂ ಬೇಡ, ಚಾಪೆಯೊಂದು ಇದ್ದರಾಯಿತು. ಆದರೆ ಎರಡೂ ಪರೀಕ್ಷೆಗಳ ಸೆಕೆಂಡುಗಳನ್ನು ಒಂದೇ ಕೋಷ್ಟಕದಲ್ಲಿ ಹೋಲಿಸಬಾರದು; ಭಂಗಿ ಬೇರೆ, ಭಾರವೂ ಬೇರೆ.

ಶಾಲೆಗಳ ಕಥೆ ಚಿಕ್ಕದು. ಶಾಲಾ ಮಕ್ಕಳ ದೈಹಿಕ ಸಾಮರ್ಥ್ಯ ಅಳೆಯುವ ಖೇಲೋ ಇಂಡಿಯಾ ಮಾಪನದಲ್ಲಿ ಮುಂಡದ ಬಲಕ್ಕೆ ಇರುವುದು ಹೊಟ್ಟೆಯ ಸ್ನಾಯುಗಳ ಪರೀಕ್ಷೆ. ಬೆನ್ನಿನ ತಾಳಿಕೆಗೆ ಪ್ರತ್ಯೇಕ ಪರೀಕ್ಷೆಯಿಲ್ಲ. ಮುಂದೆ ಗದ್ದೆಗಿಳಿಯುವ ಮಕ್ಕಳ ಮಟ್ಟಿಗೆ ಇದು ಸಣ್ಣ ಕೊರತೆಯಲ್ಲ.

ಗೋವಿನಕೋವಿ ಇರುವ ಹೊನ್ನಾಳಿ, ನ್ಯಾಮತಿ ಸೀಮೆಯಲ್ಲಿ ಬೆನ್ನಿನ ತಾಳಿಕೆ ಅಳೆಯುವ ಕೆಲಸ ಕೈಗೊಳ್ಳುವ ಭೌತಚಿಕಿತ್ಸೆ ಮತ್ತು ದೈಹಿಕ ಶಿಕ್ಷಣ ವಿಭಾಗಗಳಲ್ಲಿ ಒಂದು ಕೋರಿಕೆ: ಇಟೊ ಪರೀಕ್ಷೆಯನ್ನು ಆಯ್ದುಕೊಳ್ಳಿ, ಮಹಿಳಾ ಪರೀಕ್ಷಕರನ್ನೇ ನೇಮಿಸಿ. ನಾಟಿ ಮತ್ತು ಅಡಿಕೆ ಕೊಯ್ಲಿನ ದಿನಗಳನ್ನು ಬಿಟ್ಟು, ಬೆಳಿಗ್ಗೆ ಕೆಲಸಕ್ಕೆ ಹೋಗುವ ಮುನ್ನ, ಒಂದೇ ಮಾತಿನ ಸೂಚನೆಯೊಂದಿಗೆ ಎರಡು ಸಲ ಅಳೆಯಿರಿ. ವರದಿಯಲ್ಲಿ ಮೊದಲು ಸೆಕೆಂಡುಗಳ ದೋಷವನ್ನು ಬರೆಯಿರಿ, ಗುಣಾಂಕ ಆಮೇಲೆ ಬರಲಿ.