ವಾಹನ ವಿನೈಲ್ ಗ್ರಾಫಿಕ್ಸ್

ವಾಹನ ವಿನೈಲ್ ಗ್ರಾಫಿಕ್ಸ್ ಎಂದರೆ ಹಿಂಬದಿಯಲ್ಲಿ ಅಂಟು ಸವರಿದ ತೆಳುವಾದ ಪಿವಿಸಿ ಹಾಳೆಯ ಮೇಲೆ ಅಕ್ಷರ, ಚಿಹ್ನೆ ಅಥವಾ ಚಿತ್ರಗಳನ್ನು ಮುದ್ರಿಸಿ, ಇಲ್ಲವೆ ಹಾಳೆಯನ್ನೇ ಆ ಆಕಾರಕ್ಕೆ ಕತ್ತರಿಸಿ, ವಾಹನದ ಹೊರಮೈಗೆ ಅಂಟಿಸುವ ವಿಧಾನ. ಸರಕು ಸಾಗಣೆಯ ವ್ಯಾನುಗಳ ಮೇಲೆ ಸಂಸ್ಥೆಯ ಹೆಸರು, ದೂರವಾಣಿ ಸಂಖ್ಯೆ ಮತ್ತು ಜಾಹೀರಾತುಗಳನ್ನು ತೋರಿಸಲು ಇದು ಹೆಚ್ಚಾಗಿ ಬಳಕೆಯಲ್ಲಿದೆ. ಕರ್ನಾಟಕದ ಪೇಟೆಗಳಲ್ಲಿ ಈ ಕೆಲಸವನ್ನು ‘ಸ್ಟಿಕ್ಕರಿಂಗ್’ ಎಂದೂ ಬೆಳಕನ್ನು ಪ್ರತಿಫಲಿಸುವ ಹಾಳೆಯನ್ನು ‘ರೇಡಿಯಂ’ ಎಂದೂ ಕರೆಯುವುದುಂಟು. ಆದರೆ ಆ ಹಾಳೆಯಲ್ಲಿ ರೇಡಿಯಂ ಧಾತು ಇರುವುದಿಲ್ಲ. ಅದರೊಳಗಿನ ಸೂಕ್ಷ್ಮ ಗಾಜಿನ ಮಣಿಗಳು ಅಥವಾ ಪಟ್ಟಕಗಳು ಬೆಳಕನ್ನು ಬಂದ ದಿಕ್ಕಿಗೇ ಹಿಂದಿರುಗಿಸುತ್ತವೆ.

ಹಿನ್ನೆಲೆ

ವಾಹನಗಳ ಮೇಲಿನ ಬರಹವು ಮೊದಲು ಕುಂಚ ಕಲಾವಿದರ ಕೈಕೆಲಸವಾಗಿತ್ತು. 1926ರಲ್ಲಿ ಅಮೆರಿಕದ ಬಿ. ಎಫ್. ಗುಡ್ರಿಚ್ ಕಂಪನಿಯ ರಸಾಯನ ವಿಜ್ಞಾನಿ ವಾಲ್ಡೊ ಸೆಮನ್ ಗಡುಸಾದ ಪಿವಿಸಿಯನ್ನು ಮೆತುವಾಗಿಸುವ ವಿಧಾನವನ್ನು ಕಂಡುಕೊಂಡರು. 1935ರಲ್ಲಿ ಸ್ಟ್ಯಾಂಟನ್ ಏವರಿ ತಾನಾಗಿಯೇ ಅಂಟಿಕೊಳ್ಳುವ ಲೇಬಲ್‌ಗಳ ತಯಾರಿಕೆಯನ್ನು ಆರಂಭಿಸಿದರು. 1980ರ ದಶಕದಲ್ಲಿ ಗಣಕಯಂತ್ರದ ಆಣತಿಯಂತೆ ವಿನೈಲ್ ಕತ್ತರಿಸುವ ಯಂತ್ರಗಳು ಬಂದವು. ಅನಂತರದ ದೊಡ್ಡ ಅಗಲದ ಇಂಕ್‌ಜೆಟ್ ಮುದ್ರಣದಿಂದ ಇಡೀ ವಾಹನವನ್ನು ಚಿತ್ರದಿಂದ ಹೊದಿಸುವುದೂ ಸಾಧ್ಯವಾಯಿತು.

ಹಾಳೆಯ ಬಗೆಗಳು

ವಿನೈಲ್ ಹಾಳೆಗಳಲ್ಲಿ ಮುಖ್ಯವಾಗಿ ಎರಡು ಬಗೆಗಳಿವೆ.

• ಕ್ಯಾಲೆಂಡರ್ಡ್ ಹಾಳೆ: ಬಿಸಿಯಾದ ಪಿವಿಸಿಯನ್ನು ಉರುಳೆಗಳ ನಡುವೆ ಒತ್ತಿ ಎಳೆದು ತಯಾರಿಸಲಾಗುತ್ತದೆ. ದಪ್ಪ ಸಾಮಾನ್ಯವಾಗಿ 70ರಿಂದ 100 ಮೈಕ್ರಾನ್. ಎಳೆದ ಒತ್ತಡವು ಒಳಗೇ ಉಳಿಯುವುದರಿಂದ ಇದು ಕಾಲಕ್ರಮೇಣ ಕುಗ್ಗುತ್ತದೆ. ಬೆಲೆ ಕಡಿಮೆ, ಸಮತಟ್ಟಾದ ಮೈಗೆ ಸಾಕಾಗುತ್ತದೆ.
• ಕಾಸ್ಟ್ ಹಾಳೆ: ದ್ರವರೂಪದ ಮಿಶ್ರಣವನ್ನು ತೆಳುವಾಗಿ ಹರಡಿ ಒಲೆಯಲ್ಲಿ ಒಣಗಿಸಿ ತಯಾರಿಸಲಾಗುತ್ತದೆ. ದಪ್ಪ ಸುಮಾರು 50 ಮೈಕ್ರಾನ್. ಒಳ ಒತ್ತಡ ಕಡಿಮೆಯಿರುವುದರಿಂದ ಉಬ್ಬು ತಗ್ಗುಗಳಿಗೆ ಹೊಂದಿಕೊಂಡು ಬಹುಕಾಲ ಬಾಳುತ್ತದೆ.

ವ್ಯಾನುಗಳ ಪಕ್ಕದ ತಗಡಿನಲ್ಲಿ ಬಲಕ್ಕಾಗಿ ಒತ್ತಿದ ಆಳವಾದ ಗೀರುಗಳಿರುತ್ತವೆ. ಇಂಥ ಕಡೆ ಅಗ್ಗದ ಹಾಳೆಯನ್ನು ಬಳಸಿದರೆ ಕೆಲವೇ ತಿಂಗಳುಗಳಲ್ಲಿ ಅದು ಮೇಲೇಳುವ ಸಂಭವವಿರುತ್ತದೆ. ಮುದ್ರಿತ ಹಾಳೆಯ ಮೇಲೆ ಬಿಸಿಲು ಮತ್ತು ಉಜ್ಜುವಿಕೆಯಿಂದ ರಕ್ಷಿಸುವ ಪಾರದರ್ಶಕ ಲ್ಯಾಮಿನೇಷನ್ ಹಾಕಲಾಗುತ್ತದೆ. ದ್ರಾವಕ ಶಾಯಿಯಲ್ಲಿ ಮುದ್ರಿಸಿದ್ದರೆ ಶಾಯಿ ಪೂರ್ಣವಾಗಿ ಆರಿದ ಬಳಿಕವೇ ಲ್ಯಾಮಿನೇಷನ್ ಮಾಡಬೇಕು. ಉಳಿದ ದ್ರಾವಕವು ಅಂಟನ್ನು ದುರ್ಬಲಗೊಳಿಸುತ್ತದೆ.

ವಿನ್ಯಾಸ

ವಾಹನವನ್ನು ಅಳೆದು ಬಾಗಿಲ ಸಂದು, ಹಿಡಿಕೆ, ಇಂಧನದ ಮುಚ್ಚಳಗಳನ್ನು ನಕ್ಷೆಯಲ್ಲಿ ಗುರುತಿಸಿಕೊಳ್ಳಲಾಗುತ್ತದೆ. ದೂರವಾಣಿ ಸಂಖ್ಯೆಯ ಅಂಕಿಗಳು ಸಂದಿನ ಮೇಲೆ ಬರಬಾರದು. ಜಾರುವ ಬಾಗಿಲು ತೆರೆದಾಗ ಯಾವ ಅಕ್ಷರಗಳು ಮರೆಯಾಗುತ್ತವೆ ಎಂಬುದನ್ನೂ ನೋಡಬೇಕು.

ಕನ್ನಡ ಬರಹದಲ್ಲಿ ಒತ್ತಕ್ಷರಗಳು ಸಾಲಿನ ಕೆಳಗೆ ಇಳಿಯುವುದರಿಂದ ಸಾಲುಗಳ ನಡುವೆ ಹೆಚ್ಚು ಅಂತರ ಬೇಕಾಗುತ್ತದೆ. ಠ, ಥ, ಧ ಮುಂತಾದ ಅಕ್ಷರಗಳ ಸಣ್ಣ ಭಾಗಗಳು ಅನಗತ್ಯ ವಿನೈಲನ್ನು ಸುಲಿಯುವಾಗ ಕಿತ್ತುಬರುವುದುಂಟು. ಕೆಲವು ತಂತ್ರಾಂಶಗಳಲ್ಲಿ ಒತ್ತಕ್ಷರಗಳು ಒಡೆದು ತೋರುವುದರಿಂದ, ಕತ್ತರಿಸುವ ಮುನ್ನ ಕಾಗುಣಿತವನ್ನು ಪರಿಶೀಲಿಸುವುದು ಅಗತ್ಯ.

ಅಂಟಿಸುವ ವಿಧಾನ

1. ವಾಹನವನ್ನು ಸಾಬೂನು ನೀರಿನಿಂದ ತೊಳೆದು ಒಣಗಿಸಿ, ಐಸೊಪ್ರೊಪೈಲ್ ಆಲ್ಕೊಹಾಲ್‌ನಿಂದ ಮೇಣ ಮತ್ತು ಜಿಡ್ಡನ್ನು ಒರೆಸಲಾಗುತ್ತದೆ. ಹೊಸದಾಗಿ ಬಣ್ಣ ಬಳಿದಿದ್ದರೆ ಬಣ್ಣ ಗಟ್ಟಿಯಾಗುವವರೆಗೆ ಕಾಯಬೇಕು.
2. ದೂಳಿಲ್ಲದ ನೆರಳಿನ ಸ್ಥಳದಲ್ಲಿ ಕೆಲಸ ನಡೆಯಬೇಕು. ಬಿಸಿಲಿಗೆ ಕಾದ ತಗಡಿಗೆ ಅಂಟು ತಕ್ಷಣ ಹಿಡಿದು, ಹಾಳೆಯನ್ನು ಸರಿಪಡಿಸಲು ಅವಕಾಶವಿರುವುದಿಲ್ಲ.
3. ಹಾಳೆಯನ್ನು ಮಾಸ್ಕಿಂಗ್ ಟೇಪ್‌ನಿಂದ ನೇರವಾಗಿ ನಿಲ್ಲಿಸಿ, ಹಿಂಬದಿಯ ಕಾಗದವನ್ನು ಸ್ವಲ್ಪ ಸ್ವಲ್ಪವೇ ತೆಗೆಯಲಾಗುತ್ತದೆ.
4. ಸ್ಕ್ವೀಜಿಯನ್ನು ನಡುವಿನಿಂದ ಅಂಚಿನ ಕಡೆಗೆ ಎಳೆದು ಗಾಳಿಯನ್ನು ಹೊರಹಾಕಲಾಗುತ್ತದೆ.
5. ಗೀರುಗಳಲ್ಲಿ ಹಾಳೆಯನ್ನು ಬಲವಾಗಿ ಹಿಗ್ಗಿಸದೆ, ಹೀಟ್ ಗನ್‌ನಿಂದ ಮೆತುವಾಗಿಸಿ ತಳಕ್ಕೆ ಕೂರಿಸಬೇಕು. ಬಹಳ ಆಳವಿದ್ದರೆ ಅಲ್ಲಿಗೆ ಪ್ರತ್ಯೇಕ ತುಂಡನ್ನು ಅಂಟಿಸುವುದು ಸೂಕ್ತ.
6. ಕೊನೆಯಲ್ಲಿ ಹಿಗ್ಗಿದ ಭಾಗಗಳನ್ನು ತಯಾರಕರು ಸೂಚಿಸಿದ ಉಷ್ಣತೆಗೆ, ಸಾಮಾನ್ಯವಾಗಿ 90 ಡಿಗ್ರಿ ಸೆಲ್ಸಿಯಸ್‌ಗೂ ಮೇಲಕ್ಕೆ, ಕಾಯಿಸಲಾಗುತ್ತದೆ. ವಿನೈಲ್ ತನ್ನ ಮೂಲ ಆಕಾರಕ್ಕೆ ಮರಳುವ ಪ್ರವೃತ್ತಿಯನ್ನು ಇದು ತಗ್ಗಿಸುತ್ತದೆ. ಈ ಹಂತವನ್ನು ಬಿಟ್ಟರೆ ಮೊದಲ ದಿನ ಅಂದವಾಗಿ ಕಂಡ ಹಾಳೆಯೂ ನಂತರ ಗೀರುಗಳಲ್ಲಿ ಡೇರೆಯಂತೆ ಮೇಲೇಳುತ್ತದೆ.

ಹೆಚ್ಚುವರಿ ಅಂಚನ್ನು ವಾಹನದ ಮೇಲೆಯೇ ಚಾಕುವಿನಿಂದ ಕತ್ತರಿಸುವಾಗ ಬಣ್ಣದ ಪದರ ಸೀಳಿದರೆ ಅಲ್ಲಿಂದ ತುಕ್ಕು ಆರಂಭವಾಗಬಹುದು. ಇದನ್ನು ತಪ್ಪಿಸಲು ದಾರವುಳ್ಳ ಕತ್ತರಿಸುವ ಟೇಪನ್ನು ಮೊದಲೇ ಅಂಟಿಸಿ, ಬಳಿಕ ದಾರವನ್ನು ಎಳೆದು ಹಾಳೆಯನ್ನು ಸೀಳಲಾಗುತ್ತದೆ.

ಕಾನೂನು

ಭಾರತದಲ್ಲಿ ವಾಹನದ ಬಣ್ಣವು ನೋಂದಣಿ ಪತ್ರದಲ್ಲಿ ನಮೂದಾಗಿರುತ್ತದೆ. ಇಡೀ ವಾಹನವನ್ನು ಬೇರೆ ಬಣ್ಣದ ಹಾಳೆಯಿಂದ ಹೊದಿಸುವ ಮುನ್ನ ಪ್ರಾದೇಶಿಕ ಸಾರಿಗೆ ಕಚೇರಿಯಲ್ಲಿ ವಿಚಾರಿಸುವುದು ಒಳಿತು. ನೋಂದಣಿ ಫಲಕ, ದೀಪಗಳು ಮತ್ತು ಪ್ರತಿಫಲಕ ಪಟ್ಟಿಗಳನ್ನು ಮುಚ್ಚಬಾರದು. ಕೇಂದ್ರ ಮೋಟಾರು ವಾಹನ ನಿಯಮಗಳು, 1989ರ 100ನೆಯ ನಿಯಮದಂತೆ ಮುಂದಿನ ಮತ್ತು ಹಿಂದಿನ ಗಾಜುಗಳ ಮೂಲಕ ಕನಿಷ್ಠ 70%, ಪಕ್ಕದ ಗಾಜುಗಳ ಮೂಲಕ ಕನಿಷ್ಠ 50% ಬೆಳಕು ಹಾಯಬೇಕು. 2012ರಲ್ಲಿ ಸರ್ವೋಚ್ಚ ನ್ಯಾಯಾಲಯವು ವಾಹನಗಳ ಗಾಜಿಗೆ ಕಪ್ಪು ಫಿಲ್ಮ್ ಅಂಟಿಸುವುದನ್ನು ನಿಷೇಧಿಸಿತು.

ನಿರ್ವಹಣೆ ಮತ್ತು ತೆಗೆಯುವಿಕೆ

ಅಂಟಿಸಿದ ಕೂಡಲೇ ವಾಹನವನ್ನು ತೊಳೆಯಬಾರದು. ಅಂಟು ಪೂರ್ಣವಾಗಿ ಹಿಡಿಯಲು ಕಾಲಾವಕಾಶ ಬೇಕು. ರಭಸದ ನೀರಿನ ಧಾರೆಯನ್ನು ಅಂಚುಗಳಿಗೆ ನೇರವಾಗಿ ಹಾಯಿಸಬಾರದು. ತೆಗೆಯುವಾಗ ಹಾಳೆಯನ್ನು ಬೆಚ್ಚಗೆ ಮಾಡಿ ನಿಧಾನವಾಗಿ ಸುಲಿಯಲಾಗುತ್ತದೆ. ಕಾರ್ಖಾನೆಯ ಬಣ್ಣವು ಸಾಮಾನ್ಯವಾಗಿ ಹಾಗೆಯೇ ಉಳಿಯುತ್ತದೆ. ಮರುಬಣ್ಣ ಬಳಿದ ಭಾಗಗಳಲ್ಲಿ ಬಣ್ಣವೂ ಹಾಳೆಯೊಂದಿಗೆ ಕಿತ್ತುಬರಬಹುದು. ವರ್ಷಗಟ್ಟಲೆ ಬಿಸಿಲಿಗೆ ಒಡ್ಡಿಕೊಂಡ ವ್ಯಾನಿನಲ್ಲಿ ಹಾಳೆಯ ಕೆಳಗಿನ ಬಣ್ಣ ಮಾತ್ರ ಮಾಸದೆ ಉಳಿಯುವುದರಿಂದ, ಅಕ್ಷರಗಳನ್ನು ಕಿತ್ತ ಮೇಲೂ ಹಿಂದಿನ ಮಾಲೀಕರ ಹೆಸರು ಮಸುಕಾಗಿ ಕಾಣಿಸುವುದುಂಟು.